ಹಗುರ ಕ್ರ್ಯಾಂಕ್ ಪುಲ್ಲಿ ಹಾಕಿಸಬಹುದಾ? ಅನುಭವ ಇದ್ದವರು ಹೇಳಿ

ವಿಜಯನಗರ, ಮೈಸೂರು:
ನನ್ನದು 2002ರ ಹೋಂಡಾ ಸಿಟಿ ವಿಟೆಕ್. ಇಂಜಿನ್ ಇನ್ನೂ ಗಟ್ಟಿಯಾಗಿದೆ. ಇಂಜಿನಿನ ಮುಖ್ಯ ಶಾಫ್ಟ್ ಅಂದರೆ ಕ್ರ್ಯಾಂಕಿನ ತುದಿಯಲ್ಲಿ ಬೆಲ್ಟ್ ಓಡಿಸುವ ಕಂಪನಿ ಪುಲ್ಲಿ ತೆಗೆದು ಅಲ್ಯೂಮಿನಿಯಂದು, ಸೈಜಿನಲ್ಲೂ ಸ್ವಲ್ಪ ಚಿಕ್ಕದು ಹಾಕಿದರೆ ಹತ್ತು ಹಾರ್ಸ್‌ಪವರ್ ಜಾಸ್ತಿ ಬರುತ್ತದೆ ಅಂತ ಆನ್‌ಲೈನಿನಲ್ಲಿ ಮಾರುವವರು ಹೇಳುತ್ತಾರೆ. ದಿನಾ ಊರೊಳಗೆ ಓಡಾಟ, ಆಗಾಗ ಬೆಂಗಳೂರು, ಅಪರೂಪಕ್ಕೆ ಊಟಿ. ಹಾಕಿಸಿದವರು ಇದ್ದರೆ ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿ.

ಕುವೆಂಪುನಗರ:
ಹತ್ತು ಅಂತೆ! ನೂರು ಚಿಲ್ಲರೆ ಹಾರ್ಸ್‌ಪವರಿನ ಇಂಜಿನಿಗೆ ಒಂದು ಪುಲ್ಲಿಯಿಂದ ಹತ್ತು ಬರುವ ಹಾಗಿದ್ದರೆ ಕಂಪನಿಯವರೇ ಹಾಕಿ ಕಳಿಸುತ್ತಿದ್ದರು ಗುರು. ಒಂದೋ ಎರಡೋ ಬಂದರೆ ಪುಣ್ಯ.

ಹೆಬ್ಬಾಳದ ಶೆಡ್ಡಿನಿಂದ:
ಹಗುರ ಬೇರೆ, ಚಿಕ್ಕದು ಬೇರೆ. ಮಾರುವವರು ಎರಡನ್ನೂ ಒಟ್ಟಿಗೆ ಕಟ್ಟಿ ಕೊಡುತ್ತಾರೆ, ಅದಕ್ಕೇ ಈ ಗೊಂದಲ. ಹಗುರ ಆದರೆ ಇಂಜಿನ್ ತಿರುಗಿಸಬೇಕಾದ ತೂಕ ಕಮ್ಮಿಯಾಗಿ ಆರ್‌ಪಿಎಂ ಬೇಗ ಏರುತ್ತದೆ. ಫಸ್ಟ್, ಸೆಕೆಂಡ್ ಗೇರಿನಲ್ಲಿ ಸ್ವಲ್ಪ ಗೊತ್ತಾಗುತ್ತದೆ, ನಾಲ್ಕು ಐದಕ್ಕೆ ಹೋದ ಮೇಲೆ ಇಲ್ಲವೇ ಇಲ್ಲ ಅನ್ನಬಹುದು. ಫ್ಲೈವೀಲ್ ಅಂದರೆ ಕ್ರ್ಯಾಂಕಿನ ಇನ್ನೊಂದು ತುದಿಯ ಭಾರದ ಚಕ್ರ, ಅದರ ಮುಂದೆ ಪುಲ್ಲಿ ಗಾತ್ರದಲ್ಲೇ ಚಿಕ್ಕದು. ಅಷ್ಟೇ ತೂಕವನ್ನು ಫ್ಲೈವೀಲಿನ ಅಂಚಿನಿಂದ ತೆಗೆದರೆ ಸಿಗುವ ಲಾಭದ ಹತ್ತಿರಕ್ಕೂ ಇದು ಬರುವುದಿಲ್ಲ.

ಚಿಕ್ಕ ಪುಲ್ಲಿ ಹಾಕಿದಾಗ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್), ಎಸಿ ಕಂಪ್ರೆಸರ್, ಪವರ್ ಸ್ಟೀರಿಂಗ್ ಪಂಪ್ ಎಲ್ಲ ನಿಧಾನ ತಿರುಗುತ್ತವೆ. ಅವು ತಿನ್ನುವ ಶಕ್ತಿ ಉಳಿಯುತ್ತದೆ ಅನ್ನುವುದು ಲೆಕ್ಕ. ಟ್ರ್ಯಾಕಿನಲ್ಲಿ ಸದಾ ಐದಾರು ಸಾವಿರ ಆರ್‌ಪಿಎಂ ಮೇಲೇ ಓಡುವ ಗಾಡಿಗೆ ಇದು ಸರಿ, ಅಲ್ಲಿ ಇವೆಲ್ಲ ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತಿರುತ್ತವೆ. ಆದರೆ ನಮ್ಮ ಸಿಗ್ನಲ್ಲಿನಲ್ಲಿ ನಿಂತ ಗಾಡಿಗೆ?

ನನಗೆ ಭಯ ಇರುವುದು ಇದ್ಯಾವುದಕ್ಕೂ ಅಲ್ಲ, ರಬ್ಬರಿಗೆ. ತುಂಬಾ ಗಾಡಿಗಳಲ್ಲಿ ಕಂಪನಿ ಪುಲ್ಲಿ ಬರೀ ಪುಲ್ಲಿ ಅಲ್ಲ, ಡ್ಯಾಂಪರ್ ಕೂಡ. ಒಳಗೊಂದು ಹಬ್, ಹೊರಗೊಂದು ಭಾರದ ಉಂಗುರ, ನಡುವೆ ರಬ್ಬರ್. ಕ್ರ್ಯಾಂಕ್ ಶಾಫ್ಟ್ ಎಷ್ಟೇ ದಪ್ಪ ಇದ್ದರೂ ಒಂದೊಂದು ಸಿಲಿಂಡರ್ ಸಿಡಿದಾಗಲೂ ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂಚೂರು ತಿರುಚಿಕೊಂಡು ವಾಪಸ್ ಬರುತ್ತದೆ. ಕೆಲವು ಆರ್‌ಪಿಎಂನಲ್ಲಿ ಈ ತಿರುಚಾಟ ಒಂದರ ಮೇಲೊಂದು ಸೇರಿ ದೊಡ್ಡದಾಗುತ್ತದೆ, ಅದನ್ನು ನುಂಗಿಕೊಳ್ಳುವುದೇ ಆ ರಬ್ಬರಿನ ಕೆಲಸ. ಅದನ್ನು ತೆಗೆದು ಗಟ್ಟಿ ಅಲ್ಯೂಮಿನಿಯಂ ಹಾಕಿದರೆ ಅವತ್ತೇ ಏನೂ ಆಗುವುದಿಲ್ಲ, ಅದೇ ಮೋಸ. ಬೇರಿಂಗ್ ಸವೆಯಬಹುದು. ಆಯಿಲ್ ಪಂಪನ್ನು ಕ್ರ್ಯಾಂಕಿನ ಮೂತಿಯೇ ತಿರುಗಿಸುವ ಇಂಜಿನ್ ಆದರೆ ಅದರ ಗೇರಿಗೂ ಏಟು ಬೀಳುತ್ತದೆ. ಜಾಸ್ತಿ ಆರ್‌ಪಿಎಂನಲ್ಲಿ ಓಡಿಸುವ ಇಂಜಿನ್ನಿನಲ್ಲಿ ಕ್ರ್ಯಾಂಕೇ ಮುರಿಯಬಹುದು.

ಬ್ಯಾಲೆನ್ಸ್ ಮಾಡಿ ಕಳಿಸಿದ್ದೇವೆ ಅಂತ ಮಾರುವವರು ಹೇಳುತ್ತಾರೆ. ಬ್ಯಾಲೆನ್ಸಿಗೂ ತಿರುಚಾಟಕ್ಕೂ ಸಂಬಂಧ ಇಲ್ಲ. ನೂರಕ್ಕೆ ನೂರು ಬ್ಯಾಲೆನ್ಸ್ ಆದ ಗಟ್ಟಿ ಪುಲ್ಲಿಯೂ ಒಂದು ಚೂರೂ ತಿರುಚಾಟ ನುಂಗುವುದಿಲ್ಲ.

ಮಂಡ್ಯ ಡೀಸೆಲ್:
ಮೇಲಿನ ಅಣ್ಣ ಹೇಳಿದ್ದು ಸತ್ಯ. ನಮ್ಮ ಬೊಲೆರೊದಲ್ಲಿ ಪುಲ್ಲಿಯ ರಬ್ಬರ್ ವಯಸ್ಸಾಗಿ ಬಿರುಕು ಬಿಟ್ಟಿತ್ತು. ನಿಂತಲ್ಲೇ ಗಾಡಿ ನಡುಗುವುದು, ಬೆಲ್ಟ್ ಕಿರ್ ಅನ್ನುವುದು, ಪುಲ್ಲಿ ನೋಡಿದರೆ ಅಂಕುಡೊಂಕಾಗಿ ತಿರುಗುತ್ತಿತ್ತು. ಕಬ್ಬಿನ ಸೀಸನ್ನು, ಟ್ರ್ಯಾಕ್ಟರ್ ಸಾಲಿನ ಹಿಂದೆ ಗಂಟೆಗಟ್ಟಲೆ ಐಡ್ಲಿಂಗಲ್ಲಿ ನಿಂತಾಗ ಆ ನಡುಕ ಸ್ಟೀರಿಂಗಿಗೇ ಬರುತ್ತಿತ್ತು. ಒಬ್ಬ ಮೆಕ್ಯಾನಿಕ್ ಲೇತಿನಲ್ಲಿ ಗಟ್ಟಿ ಪುಲ್ಲಿ ತಿರುವಿಸಿ ಕೊಡುತ್ತೇನೆ, ಜನ್ಮದಲ್ಲಿ ಹೋಗುವುದಿಲ್ಲ ಅಂದ. ಪುಲ್ಲಿ ಹೋಗುವುದಿಲ್ಲಪ್ಪ, ಕ್ರ್ಯಾಂಕ್ ಹೋಗುತ್ತಲ್ಲ ಅಂದೆ. ಕಂಪನಿ ಪುಲ್ಲಿಯನ್ನೇ ಹಾಕಿಸಿದೆ, ನಡುಕ ನಿಂತಿತು. ಡೀಸೆಲ್ ಇಟ್ಟವರು ಈ ಅಲ್ಯೂಮಿನಿಯಂ ಕಡೆ ತಿರುಗಿಯೂ ನೋಡಬೇಡಿ, ಪೆಟ್ರೋಲಿಗಿಂತ ಡೀಸೆಲ್ ಸಿಡಿಯುವ ಏಟು ಜೋರು.

ಹಳೆ ಎಸ್ಟೀಮ್, ಸರಸ್ವತಿಪುರಂ:
ಎಲ್ಲರೂ ಬೇಡ ಅನ್ನುತ್ತಿದ್ದೀರಿ, ಹಾಕಿಕೊಂಡು ಓಡಿಸಿದವನು ನಾನು. ನನ್ನ ಗಾಡಿಯ ಕಂಪನಿ ಪುಲ್ಲಿಯಲ್ಲಿ ರಬ್ಬರ್ ಇರಲೇ ಇಲ್ಲ, ಅದನ್ನು ನೋಡಿಕೊಂಡೇ ಹಾಕಿಸಿದ್ದು. ಪಿಕಪ್ ವಿಷಯಕ್ಕೆ ಬಂದರೆ, ನ್ಯೂಟ್ರಲ್ಲಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆಹಾ, ಸೂಜಿ ಹಾರುತ್ತದೆ. ರೋಡಿನಲ್ಲಿ ಸೆಕೆಂಡ್ ಗೇರ್ ತನಕ ಖುಷಿ. ಚಾಮುಂಡಿ ಬೆಟ್ಟ ಹತ್ತುವಾಗ ತಿರುವಿನಲ್ಲಿ ಗೇರ್ ಇಳಿಸಿ ಒತ್ತಿದರೆ ಚುರುಕು ಅನ್ನಿಸುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಏನೂ ಇಲ್ಲ, ನೂರರಲ್ಲಿ ಐದನೇ ಗೇರಿನಲ್ಲಿ ಹೋಗುವಾಗ ಯಾವ ಪುಲ್ಲಿ ಇದೆ ಅಂತ ಯಾರೂ ಹೇಳಲಾರರು. ಮೈಲೇಜೂ ಅಷ್ಟಕ್ಕಷ್ಟೇ.

ಕಷ್ಟ ಗೊತ್ತಾಗುವುದು ದಸರಾ ಟೈಮಿನಲ್ಲಿ. ಲೈಟಿಂಗ್ ನೋಡೋಣ ಅಂತ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋದರೆ ಗಾಡಿ ತೆವಳಬೇಕು. ಎಸಿ ತಂಪು ಬರುವುದಿಲ್ಲ, ಹೆಡ್‌ಲೈಟ್ ಮಂಕು, ರೇಡಿಯೇಟರ್ ಫ್ಯಾನ್ ಶುರುವಾದ ಕೂಡಲೇ ಇನ್ನೂ ಮಂಕು. ನನ್ನ ಗಾಡಿಯಲ್ಲಿ ವಾಟರ್ ಪಂಪೂ ಅದೇ ಬೆಲ್ಟಿನಲ್ಲಿ, ಹಾಗಾಗಿ ಟೆಂಪರೇಚರ್ ಮುಳ್ಳಿನ ಮೇಲೂ ಒಂದು ಕಣ್ಣು ಇಡಬೇಕು. ಬೆಲ್ಟ್ ಕೂಡ ಚಿಕ್ಕ ಅಳತೆಯದ್ದೇ ಹುಡುಕಬೇಕು, ಹಳೆಯದನ್ನೇ ಎಳೆದು ಕಟ್ಟಿದರೆ ಮಳೆ ಬಂದಾಗ ಕಿರುಚುತ್ತದೆ. ಇನ್ನೊಂದು, ಇಗ್ನಿಷನ್ ಟೈಮಿಂಗ್ ಸೆಟ್ ಮಾಡುವಾಗ ನೋಡುವ ಗುರುತು ಹಳೆ ಪುಲ್ಲಿಯ ಮೇಲಿರುತ್ತದೆ. ಹೊಸದರಲ್ಲಿ ಇದೆಯಾ ನೋಡಿ ತಗೊಳ್ಳಿ.

ವಿಜಯನಗರ:
ಐಡ್ಲಿಂಗಲ್ಲಿ ನಿಜವಾಗಲೂ ಅಷ್ಟು ವ್ಯತ್ಯಾಸ ಆಗುತ್ತದಾ ಸರ್?

ಹೆಬ್ಬಾಳದ ಶೆಡ್ಡಿನಿಂದ:
ಸುಮ್ನೆ ಒಂದು ಲೆಕ್ಕ ಹಾಕಿ. ಕ್ರ್ಯಾಂಕ್ ಪುಲ್ಲಿ 140 ಮಿಲಿಮೀಟರ್, ಡೈನಮೋದ್ದು 56 ಇದೆ ಅಂದುಕೊಳ್ಳಿ. ಇಂಜಿನ್ 800ರಲ್ಲಿ ನಿಂತಾಗ ಡೈನಮೋ 2000 ತಿರುಗುತ್ತದೆ. ಪುಲ್ಲಿ 112 ಮಾಡಿದರೆ ಅದೇ 1600ಕ್ಕೆ ಇಳಿಯುತ್ತದೆ. ಡೈನಮೋಗೆ ಕೆಳಗಿನ ಆರ್‌ಪಿಎಂನಲ್ಲಿ ಮೊದಲೇ ಶಕ್ತಿ ಕಮ್ಮಿ, ಅದರಲ್ಲೂ ಐದನೇ ಒಂದು ಭಾಗ ಸ್ಪೀಡ್ ಹೋಯಿತು. ಎಸಿ, ಫ್ಯಾನ್, ಲೈಟ್ ಮೂರೂ ಕೇಳಿದಾಗ ಬ್ಯಾಟರಿಯಿಂದ ಕಿತ್ತುಕೊಳ್ಳುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ, ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಐಡ್ಲಿಂಗಲ್ಲಿ ಎಲ್ಲ ಹಾಕಿದಾಗ 12 ಚಿಲ್ಲರೆಗೆ ಬಿದ್ದರೆ ಬ್ಯಾಟರಿ ಖಾಲಿಯಾಗುತ್ತಿದೆ ಅಂತಲೇ ಅರ್ಥ.

ನಿಮ್ಮ ಸಿಟಿಯಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಲ್ಲಿದೆ, ಆ ಒಂದು ತಲೆನೋವು ಇಲ್ಲ. ಆದರೆ ಹೋಂಡಾದ ಕ್ರ್ಯಾಂಕ್ ಬೋಲ್ಟ್ ಬಿಚ್ಚುವುದು ಎಲ್ಲರ ಕೈಲಿ ಆಗುವ ಕೆಲಸ ಅಲ್ಲ. ಪುಲ್ಲಿ ಹಿಡಿದುಕೊಳ್ಳುವ ಟೂಲ್, ಟಾರ್ಕ್ ರೆಂಚ್ ಇಲ್ಲದವರ ಹತ್ತಿರ ಕೊಡಬೇಡಿ. ಮೊದಲು ಮುಂದಿನ ಬಲಗಡೆ, ಎಡಗಡೆ ಯಾವ ಕಡೆ ಬೆಲ್ಟ್ ಇದೆಯೋ ಆ ಚಕ್ರ ಬಿಚ್ಚಿ, ಟಾರ್ಚ್ ಬಿಟ್ಟು ಪುಲ್ಲಿಯ ಮುಖ ನೋಡಿ. ನಡುವೆ ಕಪ್ಪು ರಬ್ಬರ್ ಉಂಗುರ ಕಂಡರೆ ಅಲ್ಲಿಗೇ ಕೈ ಬಿಡಿ.

ಕುವೆಂಪುನಗರ:
ಪಿಕಪ್ಪೇ ಬೇಕಾದರೆ ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್ (ವಾಲ್ವ್ ಗ್ಯಾಪ್) ಮೊದಲು ನೋಡಿಸಿ. ಇಷ್ಟು ಹಳೆ ಗಾಡಿಯಲ್ಲಿ ಕಳೆದುಹೋಗಿರುವ ಪವರ್ ಅಲ್ಲೇ ಇರುತ್ತದೆ.

ವಿಜಯನಗರ:
ಚಕ್ರ ಬಿಚ್ಚಿ ನೋಡಿದೆ ಸರ್. ರಬ್ಬರ್ ಉಂಗುರ ಇದೆ, ಬಿರುಕು ಕಾಣಿಸಲಿಲ್ಲ. ಪುಲ್ಲಿ ಹಾಗೇ ಇರಲಿ. ಡೈನಮೋ ಬೆಲ್ಟಿನಲ್ಲಿ ಮಾತ್ರ ಸೀಳು ಬಂದಿದೆ, ಅದನ್ನು ಬದಲಾಯಿಸಿ ಟ್ಯಾಪೆಟ್ ಸೆಟ್ ಮಾಡಿಸುತ್ತೇನೆ. ವಿಟೆಕ್ ಟ್ಯಾಪೆಟ್ ಚೆನ್ನಾಗಿ ಗೊತ್ತಿರುವವರು ಮೈಸೂರಿನಲ್ಲಿ ಯಾವ ಏರಿಯಾದಲ್ಲಿ ಇದ್ದಾರೆ?