ಹಳೆ ಮನೆಯನ್ನು ಗ್ರಂಥಾಲಯ ಮಾಡುವಾಗ ಮಹಡಿ, ತೇವ ಎರಡೂ ತೊಂದರೆ

ಪ್ರಶ್ನೆ
ಇಟ್ಟಿಗೆ, ಸುಣ್ಣದ ಗಾರೆಯಿಂದ ಕಟ್ಟಿದ ಎರಡಂತಸ್ತಿನ ಹಳೆ ವಾಸದ ಮನೆ. ಗೋಡೆ 18 ಇಂಚು ದಪ್ಪ, ಮಹಡಿಗೆ ಮರದ ತೊಲೆ, ಜಂತೆ. ಕೆಳಗಿನ ಗೋಡೆಗಳಿಗೆ ಯಾವಾಗಲೋ ಸಿಮೆಂಟ್ ಪ್ಲಾಸ್ಟರ್ ಮಾಡಿದ್ದಾರೆ. ಈಗ ನೆಲದಿಂದ ಮೂರಡಿವರೆಗೆ ಬಣ್ಣ ಹಪ್ಪಳದಂತೆ ಎದ್ದಿದೆ, ಬಿಳಿ ಪುಡಿ ಉದುರುತ್ತಿದೆ. ಮಹಡಿಯಲ್ಲಿ ಪುಸ್ತಕದ ಕಪಾಟು, ಕೆಳಗೆ ಓದುವ ಕೋಣೆ ಎಂಬುದು ಯೋಜನೆ. ಮಹಡಿ ತಡೆದೀತೇ? ಗೋಡೆಗೆ ವಾಟರ್‌ಪ್ರೂಫ್ ಬಣ್ಣ ಸಾಕೇ?

ಉತ್ತರ 1
ಕಪಾಟುಗಳನ್ನು ದಯವಿಟ್ಟು ಮಹಡಿಗೆ ಏರಿಸಬೇಡಿ. ವಾಸದ ಮನೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿಯುತ್ತಾರೆ, 2.2 ಮೀಟರ್ ಎತ್ತರದ ಪುಸ್ತಕದ ಸಾಲುಗಳಿಗೆ 600. ಅದೂ ಜನರಂತೆ ಬಂದು ಹೋಗುವ ಭಾರವಲ್ಲ. ಸದಾ ಭಾರ ಹೊತ್ತ ಮರ ವರ್ಷದಿಂದ ವರ್ಷಕ್ಕೆ ಬಾಗುತ್ತಲೇ ಹೋಗುತ್ತದೆ. ಕಪಾಟು ಕೆಳಗೆ, ಓದುವವರು ಮೇಲೆ ಇರಲಿ. ಬರೀ ಓದುವ ಕೋಣೆಗೂ 300 ಕಿಲೋ ಹಿಡಿಯಬೇಕು, ಹಾಗಾಗಿ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಮಾಡದೆ ಮುಂದುವರಿಯಬೇಡಿ.

ತೊಲೆಯ ನಡುಭಾಗ ನೋಡಿ ಸಮಾಧಾನಪಡುವಂತಿಲ್ಲ. ಕೊಳೆಯುವುದು ಗೋಡೆಯೊಳಗೆ ಸೇರಿದ ತುದಿ. ಅಲ್ಲಿ ಗಾರೆ ಬಿಡಿಸಿ ದಬ್ಬಳದಿಂದ ಚುಚ್ಚಿ: ಸಲೀಸಾಗಿ ಒಳಗಿಳಿದರೆ ಮರ ಸತ್ತಿದೆ. ತೇವ ಅಳೆಯುವ ಮೀಟರಿನಲ್ಲಿ ಮರದ ತೇವಾಂಶ ಶೇ. 20 ದಾಟಿದ್ದರೆ ಬೂಷ್ಟು ಹಿಡಿಯುವ ಅಪಾಯವಿದೆ.

ಉತ್ತರ 2
ವಾಟರ್‌ಪ್ರೂಫ್ ಬಣ್ಣ ಬೇಡವೇ ಬೇಡ. ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದೆ. ನೀರಿನ ಜೊತೆ ಬಂದ ಉಪ್ಪು ಹರಳುಗಟ್ಟಿ ಹಿಗ್ಗುವಾಗ ಇಟ್ಟಿಗೆಯ ಮೈಯೇ ಪುಡಿಯಾಗುತ್ತದೆ. ಬಣ್ಣ ಬಳಿದರೆ ತೇವ ಇನ್ನೂ ಮೇಲೇರುತ್ತದೆ, ಅಷ್ಟೆ.

ಮೊದಲು ನೀರಿನ ಮೂಲ ಹುಡುಕಿ: ಒಡೆದ ಮಳೆನೀರಿನ ಪೈಪು, ಒಳನೆಲಕ್ಕಿಂತ ಎತ್ತರವಾಗಿರುವ ಹೊರಗಿನ ಅಂಗಳ, ಗೋಡೆಗೆ ತಾಗಿಸಿ ಹಾಕಿದ ಕಾಂಕ್ರೀಟು. ಅದು ಸರಿಯಾದ ಮೇಲೆ ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಿ. ಒಡೆಯುವ ಯಂತ್ರ (ಬ್ರೇಕರ್) ಹಚ್ಚಿದರೆ ಇಟ್ಟಿಗೆಯೂ ಕಿತ್ತು ಬರುತ್ತದೆ. ಉಪ್ಪನ್ನು ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆಯಿರಿ, ತೊಳೆದರೆ ಕರಗಿ ಮತ್ತೆ ಒಳಸೇರುತ್ತದೆ. ಗೋಡೆ ಆರಲು ಇಂಚಿಗೆ ಒಂದು ತಿಂಗಳು ಎಂಬ ಅಂದಾಜಿದೆ. 18 ಇಂಚಿಗೆ ಕಾಯುವುದು ಕಷ್ಟವೇ, ಆದರೂ ಉದ್ಘಾಟನೆಯ ದಿನಾಂಕಕ್ಕಾಗಿ ಆತುರಪಟ್ಟರೆ ಹೊಸ ಗಾರೆಯೂ ಉದುರುತ್ತದೆ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಒಂದು ಪದರ 10–12 ಮಿ.ಮೀ. ಮೀರಬಾರದು. ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಆರಲು ಬಿಡಿ. ಮೇಲೆ ಸುಣ್ಣದ ಬಣ್ಣವೇ ಸಾಕು.

ಪ್ರಶ್ನೆ ಕೇಳಿದವರು
ಕಪಾಟು ಕೆಳಗಿಟ್ಟರೆ ತೇವ ಪುಸ್ತಕಕ್ಕೆ ತಗಲುವುದಿಲ್ಲವೇ?

ಉತ್ತರ 3
ಗೋಡೆಗೆ ಒರಗಿಸಿದರೆ ಖಂಡಿತ ತಗಲುತ್ತದೆ. ಅರ್ಧ ಅಡಿ ಅಂತರ ಬಿಡಿ, ಕೆಳಗಿನ ಹಲಗೆ ನೆಲದಿಂದ ಅಷ್ಟೇ ಎತ್ತರವಿರಲಿ, ಕಪಾಟಿನ ಹಿಂಭಾಗ ತೆರೆದಿರಲಿ. ಕಿಟಕಿಗಳನ್ನು ಮುಚ್ಚಿ ಎ.ಸಿ. ಹಾಕುವ ಯೋಚನೆ ಇದ್ದರೆ ಗೋಡೆ ಆರುವವರೆಗಾದರೂ ಕೈಬಿಡಿ.

ಬಳಕೆಗೆ ತಕ್ಕಂತೆ ಕಟ್ಟಡವನ್ನು ಬಗ್ಗಿಸುವ ಬದಲು ಕಟ್ಟಡಕ್ಕೆ ಒಗ್ಗುವ ಬಳಕೆ ಹುಡುಕುವುದೇ ಸರಿ. ಪ್ಯಾರಿಸ್‌ನ ಓರ್ಸೆ ರೈಲು ನಿಲ್ದಾಣ 1900ರಲ್ಲಿ ತೆರೆಯಿತು. ರೈಲುಗಳು ಉದ್ದವಾದಂತೆ 1939ರ ಹೊತ್ತಿಗೆ ಅದರ ಪ್ಲಾಟ್‌ಫಾರ್ಮ್‌ಗಳು ಸಾಲದಾದವು. 1986ರಲ್ಲಿ ಅದೇ ದೊಡ್ಡ ಹಜಾರ ಮ್ಯೂಸಿಯಂ ಆಯಿತು. ಹಳೆ ಕಟ್ಟಡಗಳ ಸಂರಕ್ಷಣೆಗೆಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು ಕೂಡ ಹೊಸ ಬಳಕೆಯನ್ನು ಸ್ವಾಗತಿಸುತ್ತದೆ, ಕಟ್ಟಡದ ವಿನ್ಯಾಸ, ಅಲಂಕಾರ ಬದಲಾಗಬಾರದೆಂಬ ಷರತ್ತಿನ ಮೇಲೆ. ನಿಮ್ಮಲ್ಲಿ ಕೆಳಗೂ ಜಾಗ ಸಾಲದಿದ್ದರೆ ಪುಸ್ತಕ ಸಂಗ್ರಹವನ್ನು ಬೇರೆ ಕಟ್ಟಡಕ್ಕೆ ಒಯ್ಯಿರಿ. ವೈರಿಂಗ್‌ಗೆ ಗೋಡೆ ಕೊರೆಯದೆ ಹೊರಪೈಪಿನಲ್ಲೇ ಎಳೆಸಿ. ಮರದ ಮೆಟ್ಟಿಲು ಒಂದೇ ಇದ್ದರೆ, ಬೆಂಕಿ ಬಿದ್ದಾಗ ಇಳಿಯಲು ಎರಡನೇ ದಾರಿಯಾಗುವವರೆಗೆ ಮಹಡಿಯನ್ನು ಸಾರ್ವಜನಿಕರಿಗೆ ತೆರೆಯಬೇಡಿ.