ಸೂರ್ಯನ ಎದುರು ತೆಗೆದ ಫೋಟೋ ಎಲ್ಲಾ ಮಂಜು ಮಂಜು, ಲೆನ್ಸ್ ಹಾಳಾಯ್ತಾ?

ಪ್ರಶ್ನೆ (ಕಾರವಾರ)

ಎಲ್ಲರಿಗೂ ನಮಸ್ಕಾರ. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತಲ್ಲ, ಆಮೇಲಿಂದ ಭಾನುವಾರ ಸಂಜೆ ಕೋಡಿಬಾಗದ ಕಡೆ ಹೋಗಿ ಅಳಿವೆಯ ಫೋಟೋ ತೆಗೆಯುವುದು ನನಗೆ ಅಭ್ಯಾಸವಾಗಿದೆ. ಅಲ್ಲಿಂದ ಟ್ಯಾಗೋರ್ ಬೀಚಿಗೆ ಬಂದು ಸೂರ್ಯ ಮುಳುಗುವ ತನಕ ಇರುತ್ತೇನೆ. ಹಳೇ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18-55 ಲೆನ್ಸ್, ಅದರ ಮುಂದೆ ತಿರುಗಿಸಿ ಹಾಕುವ ಒಂದು ತೆಳು ಗಾಜು, ಯುವಿ ಫಿಲ್ಟರ್.

ಮೂರು ವಾರದಿಂದ ಒಂದು ತೊಂದರೆ. ಸೂರ್ಯನ ಎದುರು ತೆಗೆದ ಫೋಟೋಗಳು ಹಾಲು ಚೆಲ್ಲಿದ ಹಾಗೆ ಬರುತ್ತಿವೆ. ದೋಣಿಯ ನೆರಳು ಕಪ್ಪಗೆ ಇರಬೇಕು, ಬೂದಿ ಬಣ್ಣಕ್ಕೆ ತಿರುಗಿದೆ. ಸೂರ್ಯನ ಸುತ್ತ ದೊಡ್ಡ ಬಿಳಿ ಬಳೆ, ಜೊತೆಗೆ ಒಂದು ಹಸಿರು ಚುಕ್ಕೆ. ಎಫ್ 8, ಐಎಸ್‌ಒ 100, ಸೆಟ್ಟಿಂಗ್ ಎಲ್ಲಾ ಮೊದಲಿನಂತೆಯೇ ಇಟ್ಟಿದ್ದೇನೆ. ಮಧ್ಯಾಹ್ನ ಮನೆ ಹತ್ತಿರ ತೆಗೆದರೆ ಏನೂ ತೊಂದರೆ ಇಲ್ಲ. ಅಂಗಡಿಯಲ್ಲಿ ತೋರಿಸಿದೆ. ಲೆನ್ಸ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಹಾಳಾಗಿರಬಹುದಾ ಅಂತ ನನಗೆ ಅನುಮಾನ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಕುಮಟಾದಿಂದ

ಹೊಸ ಲೆನ್ಸ್ ಈಗಲೇ ಬೇಡ. ಸೆನ್ಸರ್ ಅಂತೂ ಅಲ್ಲ. ಸೆನ್ಸರ್ ಮೇಲೆ ಧೂಳು ಕೂತಿದ್ದರೆ ಬೆಳಕಿನ ಕಂಡಿ ಕಿರಿದು ಮಾಡಿ ಎಫ್ 16ಕ್ಕೆ ಇಟ್ಟು ಬರೀ ಆಕಾಶ ತೆಗೆದಾಗ ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣುತ್ತವೆ, ಹೀಗೆ ಇಡೀ ಫೋಟೋ ಬೆಳ್ಳಗಾಗುವುದಿಲ್ಲ.

ಮೊದಲು ಒಂದು ವಿಷಯ ನೋಡಿ ಹೇಳಿ. ಫೋಟೋದಲ್ಲಿ ದೂರದ ಕುರುಮಗಡ ದ್ವೀಪ ಮಾತ್ರ ಮಸುಕಾಗಿದೆಯಾ, ಇಲ್ಲಾ ಹತ್ತು ಅಡಿ ದೂರದಲ್ಲಿದ್ದ ದೋಣಿಯೂ ಮಸುಕಾಗಿದೆಯಾ? ದ್ವೀಪ ಮಾತ್ರ ಅಂದರೆ ಅದು ಗಾಳಿಯಲ್ಲಿರುವ ತೇವ, ನಿಮ್ಮ ಕ್ಯಾಮೆರಾದ ತಪ್ಪಲ್ಲ. ಹತ್ತಿರದ್ದೂ ಮಸುಕಾಗಿದ್ದರೆ ಗಾಜಿನ ಮೇಲೆ ಏನೋ ಕೂತಿದೆ.

ಹಸಿರು ಚುಕ್ಕೆ ಸುಮಾರಾಗಿ ಫಿಲ್ಟರಿನದ್ದು. ಫಿಲ್ಟರ್ ಗಾಜಿಗೂ ಲೆನ್ಸಿಗೂ ನಡುವೆ ಬೆಳಕು ಹಿಂದೆ ಮುಂದೆ ಪುಟಿದು ಹಾಗೆ ಆಗುತ್ತದೆ. ಫೋಟೋದ ನಡುವಿನಿಂದ ಸೂರ್ಯ ಎಷ್ಟು ದೂರ ಇದೆಯೋ, ಎದುರು ಬದಿಗೆ ಅಷ್ಟೇ ದೂರದಲ್ಲಿ ಚುಕ್ಕೆ ಇದ್ದರೆ ಅದೇ. ಫಿಲ್ಟರ್ ಬಿಚ್ಚಿ ಒಂದು ಸಲ ತೆಗೆಯಿರಿ.

ಹೊನ್ನಾವರದಿಂದ

ಲಾಡ್ಜಿನ ಎಸಿ ರೂಮಿನಿಂದ ಸೀದಾ ಹೊರಗೆ ತಂದರೂ ಹೀಗಾಗುತ್ತದೆ. ಆದರೆ ಅದು ಕಾಲು ಗಂಟೆಯಲ್ಲಿ ತಾನಾಗಿ ಹೋಗುತ್ತದೆ. ನಿಮ್ಮದು ಮೂರು ವಾರ ಆಗಿದೆಯಲ್ಲ, ಹಾಗಾಗಿ ಬೇರೆ ಏನೋ ಇದೆ.

ಪ್ರಶ್ನೆ ಕೇಳಿದವರು

ನೋಡಿದೆ. ರಂಪಣಿ ಬಲೆ ಎಳೆಯುವವರ ದೋಣಿ ನನ್ನ ಪಕ್ಕದಲ್ಲೇ ಇತ್ತು, ಅದೂ ಬೂದಿ ಬಣ್ಣ. ನಿನ್ನೆ ಸಂಜೆ ಫಿಲ್ಟರ್ ಬಿಚ್ಚಿ ತೆಗೆದೆ. ಹಸಿರು ಚುಕ್ಕೆ ಪೂರ್ತಿ ಹೋಯಿತು. ಮಂಜು ಅರ್ಧದಷ್ಟು ಕಮ್ಮಿ ಆಯಿತು, ಆದರೆ ಇನ್ನೂ ಇದೆ. ಲೆನ್ಸ್ ಕ್ಲೀನರ್ ಹಾಕಿ ನಾನು ವಾರಕ್ಕೆ ಎರಡು ಸಲ ಒರೆಸುತ್ತೇನೆ. ಹಾಗಿದ್ದರೂ ಯಾಕೆ?

ಶಿರಸಿಯಿಂದ

ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಚುರುಕ್ ಅಂದಿತು. ಶಿರಸಿ ಮಳೆ ನಿಮಗೆ ಗೊತ್ತಲ್ಲ. ನಾನು ಒಂದು ಒಳ್ಳೇ 50 ಎಂಎಂ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು, ಮರದ ಕಪಾಟಿನಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಮುಟ್ಟದೇ ಬಿಟ್ಟಿದ್ದೆ. ಒಳಗಿನ ಗಾಜಿಗೆ ಬೂಷ್ಟು ಹಿಡಿಯಿತು. ರಿಪೇರಿಗೆ ಕೊಟ್ಟೆ, ಬೂಷ್ಟು ಹೋಯಿತು, ಗಾಜಿಗೆ ಬಳಿದ ತೆಳು ಕೋಟಿಂಗ್ ಮೇಲೆ ಅದರ ಗುರುತು ಮಾತ್ರ ಹೋಗಲಿಲ್ಲ. ಅದಕ್ಕೇ ಹೇಳುತ್ತೇನೆ, ಇವತ್ತು ರಾತ್ರಿಯೇ ನೋಡಿಬಿಡಿ.

ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ. ರೂಮಿನ ದೀಪ ಆರಿಸಿ. ಹಿಂಬದಿಯಿಂದ ಮೊಬೈಲ್ ಟಾರ್ಚ್ ಹಿಡಿದು, ಮುಂಬದಿಯಿಂದ ಸ್ವಲ್ಪ ಓರೆಯಾಗಿ ನೋಡಿ. ಟಾರ್ಚಿಗೆ ನೇರವಾಗಿ ಕಣ್ಣು ಕೊಡಬೇಡಿ. ಲೆನ್ಸನ್ನು ನಿಧಾನ ತಿರುಗಿಸುತ್ತಾ ಹೋಗಿ. ಜೇಡರ ಬಲೆಯಂತೆ, ಬೇರು ಕವಲೊಡೆದಂತೆ ಸಣ್ಣ ಎಳೆಗಳು ಕಂಡರೆ ಬೂಷ್ಟು. ಬರೀ ಹೊಗೆ ಹಿಡಿದಂತೆ ಒಂದು ಪದರ, ಅದರಲ್ಲಿ ಬಟ್ಟೆ ಎಳೆದ ಗುರುತು ಇದ್ದರೆ ಅದು ಹೊರಗಿನ ಕೊಳೆ.

ಇನ್ನೊಂದು, ಕ್ಲೀನರ್ ಅಂದಿರಲ್ಲ, ಯಾವುದು? ಮೂಗಿಗೆ ಸ್ಪಿರಿಟ್ ವಾಸನೆ ಬರುತ್ತದಾ?

ಪ್ರಶ್ನೆ ಕೇಳಿದವರು

ಹೌದು ಸರ್, ಸ್ಪಿರಿಟ್ ವಾಸನೆ ಇದೆ. ಟಾರ್ಚ್ ಹಿಡಿದು ನೋಡಿದೆ. ಮುಂದಿನ ಗಾಜಿನ ಮೇಲೆ ತೆಳ್ಳಗೆ ಒಂದು ಪದರ, ಅದರಲ್ಲಿ ಸುತ್ತಿ ಸುತ್ತಿ ಒರೆಸಿದ ಗೆರೆಗಳು. ರಿಂಗ್ ಹತ್ತಿರ ಅಂಚಿನಲ್ಲಿ ಸಕ್ಕರೆ ಪುಡಿಯ ಹಾಗೆ ಬಿಳಿ ಕಾಳುಗಳು. ಒಳಗೆ ಒಂದು ಮೂಲೆಯಲ್ಲಿ ಕೂದಲೆಳೆಯಂಥ ಸಣ್ಣ ಕವಲು ಕೂಡ ಇದೆ. ಅದು ನೋಡಿ ಭಯ ಆಯಿತು.

ಶಿರಸಿಯಿಂದ

ಸಿಕ್ಕಿತು. ಆ ಬಿಳಿ ಕಾಳು ಉಪ್ಪು. ಅಲೆ ಒಡೆದಾಗ ಏಳುವ ಸಣ್ಣ ಹನಿ ಗಾಳಿಯಲ್ಲಿ ಬಂದು ಗಾಜಿನ ಮೇಲೆ ಕೂರುತ್ತದೆ, ನೀರು ಆರಿ ಉಪ್ಪು ಉಳಿಯುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆ, ಸ್ಪಿರಿಟ್‌ನಲ್ಲಿ ಕರಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನೀವು ವಾರಕ್ಕೆ ಎರಡು ಸಲ ಅದನ್ನು ತೆಗೆದಿಲ್ಲ, ಗಾಜಿನ ತುಂಬಾ ಸವರಿದ್ದೀರಿ. ನೀವೊಬ್ಬರೇ ಅಲ್ಲ, ಕರಾವಳಿಯಲ್ಲಿ ತುಂಬಾ ಜನ ಹೀಗೇ ಮಾಡುತ್ತಾರೆ, ಯಾಕೆಂದರೆ ಬಾಟಲಿ ಮೇಲೆ ಲೆನ್ಸ್ ಕ್ಲೀನರ್ ಅಂತಲೇ ಬರೆದಿರುತ್ತದೆ.

ಮಧ್ಯಾಹ್ನ ಯಾಕೆ ಗೊತ್ತಾಗಲಿಲ್ಲ ಅಂದರೆ, ಬಸ್ಸಿನ ಮುಂದಿನ ಗಾಜು ನೆನಪು ಮಾಡಿಕೊಳ್ಳಿ. ಹಗಲು ಅದರಲ್ಲಿ ಧೂಳು ಇದೆ ಅಂತಲೇ ಅನಿಸುವುದಿಲ್ಲ. ಸಂಜೆ ಬಿಸಿಲು ಎದುರಿಗೆ ಬಂದ ಕೂಡಲೇ ಇಡೀ ಗಾಜು ಬೆಳ್ಳಗಾಗಿ ರಸ್ತೆಯೇ ಕಾಣುವುದಿಲ್ಲ, ಅಲ್ವಾ? ಇಲ್ಲೂ ಅದೇ.

ಈಗ ಮಾಡಬೇಕಾದ್ದು. ಮೊದಲು ಬ್ಲೋವರ್‌ನಿಂದ ಗಾಳಿ ಹೊಡೆದು ಒಣ ಕಾಳು ಹಾರಿಸಿ. ಇದನ್ನು ಬಿಡಬೇಡಿ, ಉಪ್ಪಿನ ಕಾಳನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಕೋಟಿಂಗ್ ಗೀರುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ತನ್ನಿ. ಇನ್ವರ್ಟರ್ ಬ್ಯಾಟರಿಗೆ ಹಾಕುವುದಕ್ಕೆ ಕ್ಯಾನಿನಲ್ಲಿ ಸಿಗುತ್ತದಲ್ಲ, ಅದೇ. ಬ್ಯಾಟರಿ ಆಸಿಡ್ ಅಲ್ಲ, ಕೇಳಿ ತಗೊಳ್ಳಿ. ಹೊಸ ಮೈಕ್ರೋಫೈಬರ್ ಬಟ್ಟೆಯ ಒಂದು ಮೂಲೆಗೆ ಎರಡು ಹನಿ ಹಾಕಿ, ಹಿಂಡಿದಂತೆ ಒದ್ದೆ ಇದ್ದರೆ ಸಾಕು. ಗಾಜಿನ ಮೇಲೆ ನೇರವಾಗಿ ನೀರು ಹಾಕಬೇಡಿ, ಅಂಚಿನಿಂದ ಒಳಗೆ ಇಳಿಯುತ್ತದೆ. ನಡುವಿನಿಂದ ಹೊರಗೆ, ಒತ್ತದೇ ಒರೆಸಿ. ಪ್ರತಿ ಸಲ ಬಟ್ಟೆಯ ಬೇರೆ ಜಾಗ. ಎರಡು ಮೂರು ಸಲ ಹೀಗೆ ಆದ ಮೇಲೆ, ಕೊನೆಗೆ ನಿಮ್ಮ ಸ್ಪಿರಿಟ್ ಕ್ಲೀನರ್ ಒಂದು ಹನಿ. ಬೆರಳಿನ ಎಣ್ಣೆ ಜಿಡ್ಡಿಗೆ ಅದು ಒಳ್ಳೆಯದು. ಫಿಲ್ಟರಿನ ಎರಡೂ ಬದಿ ತೊಳೆಯಿರಿ.

ಒಳಗಿನ ಕವಲಿಗೆ ಈಗಲೇ ಲೆನ್ಸ್ ಬಿಚ್ಚಿಸಬೇಡಿ. ಅಂಚಿನಲ್ಲಿರುವ ಅಷ್ಟು ಸಣ್ಣದು ಫೋಟೋದಲ್ಲಿ ಕಾಣುವುದೇ ಇಲ್ಲ. ಬೆಳೆಯದಂತೆ ನೋಡಿಕೊಂಡರೆ ಸಾಕು.

ಹೊನ್ನಾವರದಿಂದ

ಬೆಳೆಯದಂತೆ ಇಡುವುದಕ್ಕೆ ದುಬಾರಿ ಡ್ರೈ ಕ್ಯಾಬಿನೆಟ್ಟೇ ಬೇಕು ಅಂತಿಲ್ಲ. ಅಡುಗೆಮನೆಗೆ ತರುವ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಚಿಕ್ಕ ಮೀಟರ್. ತೇವ ಶೇಕಡಾ 40ರಿಂದ 50ರ ಒಳಗೆ ಇರಲಿ. 60 ದಾಟಿದರೆ ಬೂಷ್ಟಿಗೆ ಅನುಕೂಲ. ನೀಲಿ ಜೆಲ್ ಗುಲಾಬಿ ಆದರೆ ಅದರ ಕೆಲಸ ಮುಗಿಯಿತು ಅಂತ. ಊಟಕ್ಕೆ ಬಳಸದ ಹಳೇ ಬಾಣಲೆಯಲ್ಲಿ, ಕಿಟಕಿ ತೆರೆದು, ಸಣ್ಣ ಉರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿ ಆಗುತ್ತದೆ. ಅಕ್ಕಿಯಲ್ಲಿ ಇಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅಕ್ಕಿಯ ಹುಡಿ ಜೂಮ್ ರಿಂಗಿನೊಳಗೆ ಹೋಗುತ್ತದೆ. ಕ್ಯಾಮೆರಾ ಚೀಲವನ್ನು ಡಬ್ಬದ ಹೊರಗೇ ಇಡಿ, ತೇವ ಹಿಡಿದಿಡುವುದು ಆ ಚೀಲವೇ.

ಕುಮಟಾದಿಂದ

ತೀರದಲ್ಲಿ ಲೆನ್ಸಿನ ಮೂತಿಗೆ ಹಾಕುವ ಹುಡ್ ಹಾಕಿಕೊಂಡೇ ಇರಿ. ಗಾಳಿ ಸಮುದ್ರದಿಂದ ಜೋರಾಗಿ ಬೀಸುವಾಗ ಫೋಟೋ ತೆಗೆಯದ ಹೊತ್ತಿನಲ್ಲಿ ಮುಚ್ಚಳ ಹಾಕಿ. ಲೆನ್ಸ್ ಬದಲಿಸುವುದಿದ್ದರೆ ಗಾಳಿಮರದ ತೋಪಿನ ಹಿಂದೆ ಬನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ಹೇಳಿದ ಹಾಗೇ ಮಾಡಿದೆ. ಮೊದಲ ಸಲ ಒರೆಸಿದ ಬಟ್ಟೆ ಆರಿದ ಮೇಲೆ ಅದರ ಮೂಲೆ ಗಡುಸಾಗಿ ನಿಂತಿತು, ಅಷ್ಟು ಉಪ್ಪು. ಮೂರನೇ ಸಲಕ್ಕೆ ಟಾರ್ಚಿನಲ್ಲಿ ಗೆರೆ ಕಾಣಲಿಲ್ಲ.

ಈ ಭಾನುವಾರದ ಫೋಟೋ ಹಾಕಿದ್ದೇನೆ ನೋಡಿ. ಸೂರ್ಯ ನೀರಿಗೆ ಎರಡು ಬೆರಳು ಮೇಲಿದ್ದಾಗ ತೆಗೆದದ್ದು. ಫಿಲ್ಟರ್ ಇಲ್ಲ. ದೋಣಿ ಕಪ್ಪಗಿದೆ, ಅದರ ಮೂತಿಗೆ ಕಟ್ಟಿದ ಹಗ್ಗದ ಹುರಿ ಕೂಡ ಎಣಿಸಬಹುದು. ಕುರುಮಗಡ ಮಾತ್ರ ಇನ್ನೂ ಮಸುಕಾಗಿಯೇ ಇದೆ. ಅದು ಗಾಳಿಯ ತೇವ ಅಂತ ಈಗ ಗೊತ್ತು.