ಬರ್ಲಿನ್‌ನಲ್ಲಿ ಫುಟ್‌ಬಾಲ್ ಮ್ಯಾಚ್ ನೋಡಬೇಕು, ಎಲ್ಲಿಗೆ ಹೋಗಲಿ?

ಪ್ರಶ್ನೆ: ಅಕ್ಕ-ಭಾವ ಬರ್ಲಿನ್‌ನಲ್ಲಿದ್ದಾರೆ. ದಸರಾ ರಜೆಗೆ ಹೋಗುತ್ತಿದ್ದೇವೆ. ಹತ್ತು ವರ್ಷದ ಮಗನಿಗೆ ಫುಟ್‌ಬಾಲ್ ಹುಚ್ಚು. ಕೆಲವರು ಒಲಿಂಪಿಕ್ ಕ್ರೀಡಾಂಗಣ ನೋಡಿ ಅಂತಾರೆ, ಇನ್ನು ಕೆಲವರು ಯೂನಿಯನ್ ಬರ್ಲಿನ್ ಕ್ಲಬ್ಬಿನ ಮ್ಯಾಚ್ ನೋಡಿ ಅಂತಾರೆ. ಹೋಗಿ ಬಂದವರು ಹೇಳಿ. ಟಿಕೆಟ್ ಸಿಗುತ್ತಾ?

ಮೊದಲ ಉತ್ತರ (ಬರ್ಲಿನ್‌ನಲ್ಲಿ ಕೆಲಸದಲ್ಲಿರುವವರು): ಕಣ್ಣು ಮುಚ್ಚಿಕೊಂಡು ಯೂನಿಯನ್‌ಗೆ ಹೋಗಿ. ಒಲಿಂಪಿಕ್ ಕ್ರೀಡಾಂಗಣ ದೊಡ್ಡದು, ನಿಜ. ಆದರೆ ಅಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಆಟ ದೂರ ಅನ್ನಿಸುತ್ತದೆ. ಯೂನಿಯನ್‌ನ ಕ್ರೀಡಾಂಗಣ ಆಲ್ಟೆ ಫೋರ್ಸ್ಟರೈ ಇರುವುದು ಬರ್ಲಿನ್‌ನ ಕೋಪೆನಿಕ್ ಬಡಾವಣೆಯಲ್ಲಿ, ಕಾಡಿನ ಅಂಚಿನಲ್ಲಿ. 22,012 ಜನಕ್ಕೆ ಜಾಗ. ಅದರಲ್ಲಿ 18,000ಕ್ಕೂ ಜಾಸ್ತಿ ಮಂದಿ ನಿಂತೇ ನೋಡುತ್ತಾರೆ. ಮುಂದಿನ ಸಾಲಿನಲ್ಲಿ ನಿಂತರೆ ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದೂ ಕೇಳಿಸುತ್ತದೆ.

ಮಗನಿಗೆ ಹೋಗುವ ಮುಂಚೆಯೇ ಈ ಕ್ಲಬ್ಬಿನ ಕಥೆ ಹೇಳಿ. ಮೈದಾನ 1920ರದು. ಕ್ಲಬ್ ಈಗಿನ ಹೆಸರಲ್ಲಿ ಶುರುವಾಗಿದ್ದು 1966ರಲ್ಲಿ, ಆಗಿನ ಪೂರ್ವ ಜರ್ಮನಿಯಲ್ಲಿ. ಅದೇ ಊರಿನ ಇನ್ನೊಂದು ಕ್ಲಬ್ ಬಿಎಫ್‌ಸಿ ಡೈನಮೋಗೆ ಗುಪ್ತ ಪೊಲೀಸ್ ಇಲಾಖೆ ಸ್ಟಾಸಿಯ ಮುಖ್ಯಸ್ಥ ಎರಿಕ್ ಮೀಲ್ಕೆಯ ಬೆಂಬಲ. ಅದು 1979ರಿಂದ 1988ರವರೆಗೆ ಸತತ ಹತ್ತು ಸಲ ಲೀಗ್ ಗೆದ್ದಿತು. ಯೂನಿಯನ್‌ಗೆ ಅಂಥ ದೊಡ್ಡವರ ಆಸರೆ ಇರಲಿಲ್ಲ. 1968ರಲ್ಲಿ ಪೂರ್ವ ಜರ್ಮನಿಯ ಕಪ್ ಗೆದ್ದರು. ಯುರೋಪಿಯನ್ ಟೂರ್ನಿಗೆ ಹೋಗಬೇಕು ಅನ್ನುವಷ್ಟರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿತು. ಅದರ ಗಲಾಟೆಯಲ್ಲಿ ಪೂರ್ವ ಯುರೋಪಿನ ಹಲವು ದೇಶಗಳ ತಂಡಗಳು ಹಿಂದೆ ಸರಿದವು, ಇವರ ಅವಕಾಶವೂ ಹೋಯಿತು. ಯುರೋಪಿನ ದೊಡ್ಡ ಟೂರ್ನಿ ಆಡಲು 2001ರವರೆಗೆ ಕಾಯಬೇಕಾಯಿತು.

ಬರ್ಲಿನ್ ಗೋಡೆ ಬಿದ್ದ ಮೇಲೂ ಕಷ್ಟ ತಪ್ಪಲಿಲ್ಲ. ದುಡ್ಡಿಲ್ಲ, ಲೀಗ್‌ನಲ್ಲಿ ಆಡುವ ಲೈಸೆನ್ಸ್ ಹೋಗುವ ಭಯ. 2004ರಲ್ಲಿ ಅಭಿಮಾನಿಗಳು ರಕ್ತ ಕೊಟ್ಟು, ಅದಕ್ಕೆ ಸಿಕ್ಕ ದುಡ್ಡನ್ನು ಕ್ಲಬ್ಬಿಗೆ ಹಾಕಿದರು. ಆಮೇಲೆ ಕ್ರೀಡಾಂಗಣವೇ ಹಾಳುಬಿತ್ತು. 2008ರ ಬೇಸಿಗೆಯಲ್ಲಿ ಅಭಿಮಾನಿಗಳೇ ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕಿಳಿದರು. ನಿಂತು ನೋಡುವ ಹಳೇ ಮೆಟ್ಟಿಲು ಒಡೆದರು, ಕಾಂಕ್ರೀಟ್ ಹಾಕಿದರು, ಮೇಲೆ ಮಾಡು ಕಟ್ಟಿದರು. 2,000ಕ್ಕೂ ಹೆಚ್ಚು ಜನ, ಸುಮಾರು 1,40,000 ಗಂಟೆ, ಬಿಟ್ಟಿ ದುಡಿಮೆ. ಆ ವರ್ಷವೆಲ್ಲ ತಂಡ ಬೇರೆ ಮೈದಾನದಲ್ಲಿ ಆಡಿತು. 2009ರ ಜುಲೈಯಲ್ಲಿ ಬರ್ಲಿನ್‌ನ ಇನ್ನೊಂದು ಕ್ಲಬ್ ಹೆರ್ಥಾ ವಿರುದ್ಧದ ಸ್ನೇಹಪಂದ್ಯದೊಂದಿಗೆ ಮತ್ತೆ ಬಾಗಿಲು ತೆರೆಯಿತು. ಕಟ್ಟಿದವರ ನೆನಪಿಗೆ ಹೊರಗೆ ಕೆಂಪು ಹೆಲ್ಮೆಟ್ಟಿನ ಸ್ಮಾರಕ ಇದೆ, ತಪ್ಪದೆ ತೋರಿಸಿ. ನಾನು ನಿಂತ ಮೆಟ್ಟಿಲನ್ನು ಪಕ್ಕದಲ್ಲಿ ನಿಂತವರೇ ಕಟ್ಟಿರಬಹುದು ಅನ್ನುವ ಭಾವನೆ ಬೇರೆ ಯಾವ ಕ್ರೀಡಾಂಗಣದಲ್ಲೂ ನನಗೆ ಬಂದಿಲ್ಲ.

ಇಂಥವರ ತಂಡ 2019ರಲ್ಲಿ ಮೊದಲ ಸಲ ಜರ್ಮನಿಯ ಅತಿ ಮೇಲಿನ ಲೀಗ್ ಬುಂಡೆಸ್‌ಲೀಗಾಕ್ಕೆ ಏರಿತು, 2023ರಲ್ಲಿ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಆಡಿತು. ಬುಂಡೆಸ್‌ಲೀಗಾದ ಮೊದಲ ಪಂದ್ಯಕ್ಕೆ ಅಭಿಮಾನಿಗಳು ತೀರಿಕೊಂಡ ತಮ್ಮವರ ದೊಡ್ಡ ಫೋಟೋಗಳನ್ನು ಎತ್ತಿ ಹಿಡಿದುಕೊಂಡು ಬಂದಿದ್ದರು. ಆ ದಿನಕ್ಕಾಗಿ ಕಾದು ಕಾದು ಹೋದವರೂ ನೋಡಲಿ ಅಂತ.

ಎರಡನೇ ಉತ್ತರ (ಮಕ್ಕಳ ಜೊತೆ ಹೋಗಿ ಬಂದವರು): ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಹತ್ತು ವರ್ಷದ ಹುಡುಗನಿಗೆ ನಿಲ್ಲುವ ಕಡೆ ಮುಂದಿನವರ ಬೆನ್ನೇ ಕಾಣುತ್ತದೆ. ಬೇಗ ಹೋಗಿ ಮುಂದೆ ಜಾಗ ಹಿಡಿಯಿರಿ, ಇಲ್ಲಾಂದ್ರೆ ಸೀಟ್ ನೋಡಿ. ಸೀಟ್ ಇರುವುದೇ 3,600ರಷ್ಟು. ಟಿಕೆಟ್ ಬಹುಪಾಲು ಸದಸ್ಯರಿಗೇ ಹೋಗುತ್ತದೆ. ನಿಮ್ಮ ಭಾವ ಅಲ್ಲೇ ಇದ್ದಾರಲ್ಲ, ಅವರಿಗೆ ಈಗಲೇ ಸದಸ್ಯತ್ವ ವಿಚಾರಿಸಲು ಹೇಳಿ. ಬ್ಲ್ಯಾಕ್‌ನಲ್ಲಿ ಮಾತ್ರ ಕೊಳ್ಳಬೇಡಿ. ಎಸ್3 ರೈಲಿನಲ್ಲಿ ಕೋಪೆನಿಕ್‌ಗೆ ಇಳಿದು, ಕೆಂಪು ಶಾಲಿನವರ ಹಿಂದೆ ನಡೆದರೆ ಸಾಕು. ಬರ್ಲಿನ್ ನಗರದೊಳಗಿನ ಎಬಿ ವಲಯದ ರೈಲು ಟಿಕೆಟ್ ಸಾಲುತ್ತದೆ. ಆಟಗಾರರ ಹೆಸರು ಕರೆಯುವಾಗ ಪ್ರತಿ ಹೆಸರಿಗೂ ಇಡೀ ಕ್ರೀಡಾಂಗಣ 'ಫುಸ್‌ಬಾಲ್‌ಗಾಟ್' ಅಂತ ಕೂಗುತ್ತದೆ, ಅಂದರೆ ಫುಟ್‌ಬಾಲ್ ದೇವರು. ಮಗನಿಗೆ ಮೊದಲೇ ಕಲಿಸಿಬಿಡಿ. ತಂಡ ಸೋಲುತ್ತಿದ್ದರೂ ರೆಫರಿ ಕೊನೆ ಶಿಳ್ಳೆ ಊದುವ ಮುಂಚೆ ಎದ್ದು ಹೊರಡಬೇಡಿ, ಅಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಮೂರನೇ ಉತ್ತರ: ಪುರುಷರ ಪಂದ್ಯಕ್ಕೆ ಟಿಕೆಟ್ ಸಿಗದಿದ್ದರೆ ಬೇಜಾರು ಬೇಡ. ಯೂನಿಯನ್ ಮಹಿಳಾ ತಂಡ 2025ರಲ್ಲಿ ಮೊದಲ ದರ್ಜೆಗೆ ಏರಿದೆ, ಅವರೂ ಇದೇ ಮೈದಾನದಲ್ಲಿ ಆಡುತ್ತಾರೆ. ಕ್ರೀಡಾಂಗಣ ದೊಡ್ಡದು ಮಾಡುವ ಯೋಜನೆಯೂ ಇದೆ, ಕೆಲಸ ಶುರುವಾದರೆ ಪಂದ್ಯ ಬೇರೆ ಕಡೆ ನಡೆಯಬಹುದು. ಆದ್ದರಿಂದ ವಿಮಾನದ ಟಿಕೆಟ್ ಮಾಡಿಸುವ ಮುಂಚೆ ಪಂದ್ಯ ಎಲ್ಲಿ, ಯಾವ ದಿನ ಅಂತ ಕ್ಲಬ್ಬಿನ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.